ಆಗಸ್ಟ್ 15ರ ಚಾಕೊಲೇಟ್ ಕುರಿತು ಜಿಲ್ಲಾ ಪಂಚಾಯತ್ ಸಿಇಒ ಅವರಿಗೆ ಒಂದು ಬಹಿರಂಗ ಪತ್ರ

ಗೆ,
ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು,
ಜಿಲ್ಲಾ ಪಂಚಾಯತ್, ಕಲಬುರಗಿ

ಮಾನ್ಯರೇ,

ಧ್ವಜಾರೋಹಣದ ಸುತ್ತೋಲೆ ಪ್ರತಿ ವರ್ಷ ಶಾಲೆಗೆ ಬರುತ್ತದೆ. ಎಷ್ಟು ಗಂಟೆಗೆ ಧ್ವಜ ಏರಿಸಬೇಕು, ಯಾರ ಫೋಟೊ ಇಡಬೇಕು, ಪ್ಲಾಸ್ಟಿಕ್ ಧ್ವಜ ಬಳಸಬಾರದು ಎಂಬುದೆಲ್ಲ ಅದರಲ್ಲಿ ಇರುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ಮಕ್ಕಳ ಕೈಗೆ ಏನು ಕೊಡಬೇಕು ಅನ್ನುವುದು ಮಾತ್ರ ಇರುವುದಿಲ್ಲ. ಸುತ್ತೋಲೆ ಸುಮ್ಮನಿದ್ದ ಜಾಗಕ್ಕೆ ಚಾಕೊಲೇಟ್ ಬಂದು ಕೂತಿದೆ.

ನಾನು ಆಳಂದ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯೆ. ಆ ಸುತ್ತೋಲೆಗೆ ಒಂದು ಸಾಲು ಸೇರಿಸಿ ಎಂದು ಕೇಳಲು ಈ ಪತ್ರ: ರಾಷ್ಟ್ರೀಯ ಹಬ್ಬಗಳಂದು ಶಾಲೆ, ಅಂಗನವಾಡಿಗಳಲ್ಲಿ ಚಾಕೊಲೇಟ್, ಪೆಪ್ಪರಮಿಂಟು ಹಂಚುವುದು ಬೇಡ, ಅದರ ಬದಲು ಆಯಾ ಕಾಲಕ್ಕೆ ಇಲ್ಲೇ ಸಿಗುವ ತಿನಿಸು ಕೊಡಿ.

ಆ ದಿನ ಬೆಳಿಗ್ಗೆ ಹೇಗಿರುತ್ತದೆ ಎಂದು ವೇದಿಕೆಯ ಮೇಲಿನವರಿಗೆ ಕಾಣುವುದಿಲ್ಲ. ಮಕ್ಕಳು ಏಳೂವರೆಗೆಲ್ಲ ಬಿಳಿ ಯೂನಿಫಾರ್ಮ್ ಹಾಕಿಕೊಂಡು ಪ್ರಭಾತಫೇರಿಗೆ ನಿಂತಿರುತ್ತಾರೆ. ಆಗಸ್ಟ್ ಎಂದರೆ ತೊಗರಿ ಹೊಲದಲ್ಲಿ ಕಸ ತೆಗೆಯುವ ಕಾಲ, ತಾಯಂದಿರು ಮುಂಜಾನೆಯೇ ಹೊಲಕ್ಕೆ ಹೋಗಿರುತ್ತಾರೆ. ಅರ್ಧ ಮಕ್ಕಳು ಒಂದು ಕಪ್ ಚಹಾ ಕುಡಿದು ಬಂದವರು. ಊರು ಸುತ್ತಿ, ಕವಾಯತು ಮಾಡಿ, ಭಾಷಣ ಕೇಳಿ, ಹತ್ತು ಗಂಟೆಯ ಹೊತ್ತಿಗೆ ಶಾಲೆಯಲ್ಲಿ ಎರಡು ಚಾಕೊಲೇಟ್. ಅಲ್ಲಿಂದ ಗ್ರಾಮ ಪಂಚಾಯಿತಿಯ ಧ್ವಜ, ಸೊಸೈಟಿಯ ಧ್ವಜ, ಹಾಲಿನ ಡೇರಿ, ಯುವಕ ಸಂಘ. ಪ್ರತಿಯೊಂದು ಕಡೆ ಮತ್ತೊಂದೆರಡು. ಕೊನೆಗೆ ಯಾವುದೋ ಪಕ್ಷದ ಮುಖಂಡರು ಇಡೀ ಪ್ಯಾಕೆಟ್ ಹಿಡಿದು ಬರುತ್ತಾರೆ, ಫೋಟೊ ಆಗುವ ತನಕ ಹಂಚುತ್ತಾರೆ. ನಮ್ಮ ಶಾಲೆಯಲ್ಲಿ ಅಂದು ಬಿಸಿಯೂಟದ ಒಲೆ ಹಚ್ಚುವುದಿಲ್ಲ. ಹಾಗಾಗಿ ಆ ಮಗುವಿನ ಬೆಳಗಿನ ಊಟವೇ ಅದು.

ಒಂದು ಟಾಫಿ ಸುಮಾರು 5 ಗ್ರಾಂ ತೂಗುತ್ತದೆ, ಬಹುಪಾಲು ಸಕ್ಕರೆಯೇ. ಮಕ್ಕಳಿಗೆ ದಿನಕ್ಕೆ ಮೇಲಿನಿಂದ ಸೇರಿಸಿದ ಸಕ್ಕರೆ 25 ಗ್ರಾಂ ದಾಟಬಾರದು ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2016ರಲ್ಲಿ ಹೇಳಿತ್ತು. ಎಂಟು ಚಾಕೊಲೇಟ್ ತಿಂದ ಮಗು ಆ ಗೆರೆಯನ್ನು ಮಧ್ಯಾಹ್ನಕ್ಕೆ ಮೊದಲೇ ದಾಟಿರುತ್ತದೆ. ಹಲ್ಲಿನ ವಿಷಯ ಇನ್ನೂ ಬೇರೆ. ಬಾಯೊಳಗಿನ ಬ್ಯಾಕ್ಟೀರಿಯಾ ಸಕ್ಕರೆಯನ್ನು ಆಮ್ಲ ಮಾಡುತ್ತವೆ, ಆ ಆಮ್ಲ ಹಲ್ಲಿನ ಮೇಲ್ಪದರವನ್ನು ಕರಗಿಸುತ್ತದೆ. ಜೊಲ್ಲು ಅದನ್ನು ತೊಳೆದು ಸಮಸ್ಥಿತಿಗೆ ತರಲು ಅರ್ಧ ಗಂಟೆಗೂ ಹೆಚ್ಚು ಬೇಕು. ಹತ್ತಕ್ಕೊಂದು, ಹತ್ತೂವರೆಗೊಂದು, ಹನ್ನೊಂದಕ್ಕೊಂದು ಬಾಯಿಗೆ ಹೋಗುತ್ತಿದ್ದರೆ ಜೊಲ್ಲಿಗೆ ಬಿಡುವೇ ಸಿಗದು. ಒಟ್ಟು ಎಷ್ಟು ತಿಂದರು ಎನ್ನುವುದಕ್ಕಿಂತ ಎಷ್ಟು ಸಲ ತಿಂದರು ಎನ್ನುವುದೇ ಹಲ್ಲಿಗೆ ಹೆಚ್ಚು ಕೆಟ್ಟದ್ದು.

ಒಂದು ದಿನದ ಚಾಕೊಲೇಟಿನಿಂದ ಯಾವ ಮಗುವೂ ಹಾಳಾಗುವುದಿಲ್ಲ, ನನಗೆ ಗೊತ್ತು. ಮನೆಯಲ್ಲಿ ಅಪ್ಪ ತಂದುಕೊಟ್ಟರೆ ಅದು ಅವರ ಮನೆಯ ವಿಷಯ. ಹೋಳಿ ಹಬ್ಬಕ್ಕೆ ಮಕ್ಕಳ ಕೊರಳಿಗೆ ಹಾಕುವ ಸಕ್ಕರಿ ಸರವನ್ನು ಕಿತ್ತುಕೊಳ್ಳಿ ಎಂದೂ ನಾನು ಹೇಳುತ್ತಿಲ್ಲ. ಅದಕ್ಕೆ ಕೈ ಹಾಕಿದರೆ ನಮ್ಮತ್ತೆಯೇ ನನ್ನನ್ನು ಮನೆಯಿಂದ ಹೊರಗೆ ಹಾಕುತ್ತಾರೆ. ಆದರೆ ಶಾಲೆ ಸರ್ಕಾರದ್ದು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ ಇದೆ. ಆ ಮಕ್ಕಳು ಶಾಲೆಗೆ ಬಂದ ಮೇಲೆ ವರ್ಷವಿಡೀ ಮೊಟ್ಟೆ, ಬಾಳೆಹಣ್ಣು ಕೊಡುವ ಇಲಾಖೆ ಹಬ್ಬದ ದಿನ ಬರೀ ಸಕ್ಕರೆ ಕೊಡುವುದು ಯಾವ ಲೆಕ್ಕ? ಕಾನೂನೂ ಇದೆ. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸನ್ನು ಶಾಲೆಯ ಆವರಣದಲ್ಲೂ ಗೇಟಿನಿಂದ 50 ಮೀಟರ್ ಒಳಗೂ ಮಾರಬಾರದು ಎಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) 2020ರಲ್ಲೇ ನಿಯಮ ಮಾಡಿದೆ. ಗೇಟಿನ ಹೊರಗೆ ಡಬ್ಬಿ ಅಂಗಡಿಯವನು ಮಾರಿದರೆ ತಪ್ಪು, ಗೇಟಿನೊಳಗೆ ಗಣ್ಯರು ಪುಕ್ಕಟೆ ಹಂಚಿದರೆ ಚಪ್ಪಾಳೆ.

ಹಾಗಾದರೆ ಚಿಕ್ಕಿ ಕೊಡೋಣ ಎಂದು ತಾವು ಹೇಳಬಹುದು. ಎಲ್ಲರೂ ಮೊದಲು ಹೇಳುವುದು ಅದನ್ನೇ. ಮೊಟ್ಟೆ ತಿನ್ನದ ಮಕ್ಕಳಿಗೆ ಕೊಡುತ್ತಿದ್ದ ಶೇಂಗಾ ಚಿಕ್ಕಿಯನ್ನು ಸರ್ಕಾರವೇ 2025ರಲ್ಲಿ ನಿಲ್ಲಿಸಿತು. ಸಕ್ಕರೆ, ಕೊಬ್ಬಿನ ಅಂಶ ಹೆಚ್ಚು, ದಾಸ್ತಾನು ಸರಿ ಇಲ್ಲ ಎಂಬ ದೂರುಗಳಿದ್ದವು. ಬೆಲ್ಲವೂ ಕೊನೆಗೆ ಸಕ್ಕರೆಯೇ. ಮಳೆಗಾಲದಲ್ಲಿ ತೇವ ಹಿಡಿದ ಶೇಂಗಾಕ್ಕೆ ಬೂಷ್ಟು ಬಂದರೆ ಚಾಕೊಲೇಟೇ ವಾಸಿಯಾಗಿತ್ತು ಅನ್ನಿಸುತ್ತದೆ. ಅಂಗನವಾಡಿಯ ಸಣ್ಣ ಮಕ್ಕಳಿಗಂತೂ ಇಡೀ ಶೇಂಗಾ ಕೊಡಲೇಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಗಟ್ಟಿ ಪೆಪ್ಪರಮಿಂಟಿಗೂ ಇದೇ ಮಾತು.

ಆಗಸ್ಟ್ 15ಕ್ಕೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಸರಿಯಾದದ್ದು ಉಸಳಿ. ಹಿಂದಿನ ಬೆಳಿಗ್ಗೆ ಹೆಸರುಕಾಳು ನೆನೆಹಾಕಿ ರಾತ್ರಿ ಬಟ್ಟೆಯಲ್ಲಿ ಕಟ್ಟಿಟ್ಟರೆ ಬೆಳಗಾಗುವಷ್ಟರಲ್ಲಿ ಮೊಳಕೆ ಮೂತಿ ತೋರಿಸಿರುತ್ತದೆ. ಒಂದು ಕುದಿ ಕುದಿಸಿ, ಸಾಸಿವೆ, ಕರಿಬೇವು, ಉಳ್ಳಾಗಡ್ಡಿ ಒಗ್ಗರಣೆ ಕೊಟ್ಟು, ನಿಂಬೆಹಣ್ಣು ಹಿಂಡಿದರೆ ಮುಗಿಯಿತು. ಬಿಸಿಯೂಟದ ಅಡುಗೆಯವರಿದ್ದಾರೆ, ಪಾತ್ರೆ ಇದೆ, ಗ್ಯಾಸ್ ಇದೆ. 100 ಗ್ರಾಂ ಒಣ ಹೆಸರಿನಲ್ಲಿ 22 ಗ್ರಾಂಗೂ ಹೆಚ್ಚು ಪ್ರೋಟೀನ್ ಇದೆ. ನೂರು ಮಕ್ಕಳಿಗೆ ಮೂರು ಕೆ.ಜಿ. ಕಾಳು ಧಾರಾಳ. ಖಾರ ಬೇಡ ಅನ್ನುವವರಿಗೆ ನಾಗರ ಪಂಚಮಿಯ ಅರಳು ಇದ್ದೇ ಇದೆ. ಪಂಚಮಿ ಹೆಚ್ಚು ಕಡಿಮೆ ಆಗಸ್ಟ್ 15ರ ಆಸುಪಾಸಿನಲ್ಲೇ ಬರುವುದು. ಜೋಳದ ಅರಳಿಗೆ ಪುಠಾಣಿ, ಸ್ವಲ್ಪ ಒಣಕೊಬ್ಬರಿ ಬೆರೆಸಿ ಕಾಗದದ ಪೊಟ್ಟಣ ಕಟ್ಟಿದರೆ ಮಕ್ಕಳು ಜೇಬಿಗೆ ಹಾಕಿಕೊಂಡು ಹೋಗಬಹುದು. ಜೇಬಿನಲ್ಲಿ ಏನಾದರೂ ಇರುವುದೇ ಮಕ್ಕಳಿಗೆ ಅರ್ಧ ಹಬ್ಬ.

ಬಾಳೆಹಣ್ಣು ಸುಲಭ, ಆದರೆ ಶ್ರಾವಣದಲ್ಲಿ ಅದರ ದರ ಕೇಳಿದರೆ ಮುಖ್ಯಗುರುಗಳು ಮತ್ತೆ ಚಾಕೊಲೇಟಿನ ಅಂಗಡಿಗೇ ಹೋಗುತ್ತಾರೆ.

ಸೆಪ್ಟೆಂಬರ್ 17 ನಮ್ಮದೇ ದಿನ. 1948ರಲ್ಲಿ ನಿಜಾಮನ ಆಳ್ವಿಕೆಯಿಂದ ಬಿಡುಗಡೆ ಸಿಕ್ಕ ದಿನ ಬೆಂಗಳೂರಿನ ಶಾಲೆಗಳಿಗೆ ಹಬ್ಬವಲ್ಲ, ಆದ್ದರಿಂದ ಅಂದು ಏನು ಹಂಚಬೇಕೆಂದು ಬೆಂಗಳೂರನ್ನು ಕೇಳುವ ಅಗತ್ಯವೂ ಇಲ್ಲ. ಹೊಸ ಹೆಸರು ಅಷ್ಟೊತ್ತಿಗೆ ರಾಶಿಯಾಗಿರುತ್ತದೆ. ಮಕ್ಕಳ ದಿನಾಚರಣೆಗೆ ಪೇರಲ ಸಾಕು. ಸೀತಾಫಲ ಬೇಡ, ಬೀಜ ಗುಡಿಸುವವರು ಯಾರು? ಜನವರಿ 26ಕ್ಕೆ ಬಾರಿಹಣ್ಣು, ಸುಲಗಾಯಿ (ಹಸಿ ಕಡಲೆ), ಜೋಳದ ಸೀತನಿ (ಎಳೆ ತೆನೆಯ ಕಾಳು), ಆಯ್ಕೆಗೆ ಬರವಿಲ್ಲ. ಉರ್ದು ಶಾಲೆಯೊಂದರಲ್ಲಿ ಖಜೂರ ಹಂಚಿದ್ದನ್ನು ನೋಡಿದ್ದೇನೆ. ನಮ್ಮ ಜಾತ್ರೆಗಳ ತೇರಿಗೆ ಎಸೆಯುವ ಉತ್ತತ್ತಿ ಅದರದೇ ಒಣ ರೂಪ. ಎಲ್ಲ ಮನೆಯ ಮಕ್ಕಳೂ ತಿನ್ನುವ ತಿನಿಸು ಸಿಗುವುದು ಅಷ್ಟೇನೂ ಕಷ್ಟವಲ್ಲ. ತಿನ್ನುವುದೇ ಆಗಬೇಕೆಂದೂ ಇಲ್ಲ. ಗಣ್ಯರಿಗೆ ಏನಾದರೂ ಕೊಟ್ಟೇ ತೀರಬೇಕು ಅನ್ನಿಸಿದರೆ ತರಗತಿಗೊಂದು ವಾಲಿಬಾಲ್, ನಾಲ್ಕು ಸ್ಕಿಪ್ಪಿಂಗ್ ಹಗ್ಗ ಕೊಡಲಿ, ಫೋಟೊ ಅದಕ್ಕೂ ಚೆನ್ನಾಗಿಯೇ ಬರುತ್ತದೆ.

ಇನ್ನು ದುಡ್ಡು. ಚಾಕೊಲೇಟ್ ಗೆದ್ದಿರುವುದು ರುಚಿಯಿಂದಲ್ಲ. ಅದು ಕೆಡುವುದಿಲ್ಲ, ಎಣಿಸಲು ಸುಲಭ, ನೂರು ಮಕ್ಕಳಿಗೆ ಇನ್ನೂರು ರೂಪಾಯಿಯಲ್ಲಿ ಮುಗಿಯುತ್ತದೆ. ಅದನ್ನೂ ಎಷ್ಟೋ ಕಡೆ ಶಿಕ್ಷಕರೇ ತಮ್ಮ ಜೇಬಿನಿಂದ ಹಾಕುತ್ತಾರೆ. ದುಡ್ಡು ಎಲ್ಲಿಂದ ಎಂದು ಹೇಳದೆ ಬರೀ "ಪೌಷ್ಟಿಕ ತಿನಿಸು ಕೊಡತಕ್ಕದ್ದು" ಎಂದು ಬರೆದರೆ ಹೊರೆ ಮತ್ತೆ ಅವರ ಮೇಲೆಯೇ ಬೀಳುತ್ತದೆ. ಗ್ರಾಮ ಪಂಚಾಯಿತಿಗಳು ತಮ್ಮ ಸ್ವಂತ ಸಂಪನ್ಮೂಲದಿಂದ ಮಗುವಿಗೆ ಹತ್ತು ರೂಪಾಯಿಯಂತೆ ಖರ್ಚು ಹಾಕಲು ತಾವು ಅನುಮತಿ ಕೊಡಬೇಕು. ಅರಳು, ಪುಠಾಣಿಯ ಪೊಟ್ಟಣಗಳನ್ನು ಮಹಿಳೆಯರ ಸಂಜೀವಿನಿ ಸ್ವಸಹಾಯ ಸಂಘಗಳಿಂದಲೇ ಕೊಳ್ಳಬಹುದು. 'ಕಲಬುರಗಿ ರೊಟ್ಟಿ'ಯನ್ನು ಬ್ರ್ಯಾಂಡ್ ಮಾಡಿ ಮಾರಿದ ಜಿಲ್ಲೆ ಇದು, ಇಲ್ಲಿನ ಹೆಣ್ಣುಮಕ್ಕಳಿಗೆ ಅರಳು ಹುರಿಯುವುದನ್ನು ಯಾರೂ ಕಲಿಸಬೇಕಿಲ್ಲ. ನಾನು ಯಾವ ಸಂಘದಲ್ಲೂ ಇಲ್ಲ, ಆದ್ದರಿಂದ ಈ ಮಾತನ್ನು ಧೈರ್ಯವಾಗಿ ಹೇಳಬಲ್ಲೆ.

ಸುತ್ತೋಲೆ ಆಗಸ್ಟ್ 13ರ ಸಂಜೆ ವಾಟ್ಸ್ಆ್ಯಪ್‌ಗೆ ಬಂದರೆ ಪ್ರಯೋಜನವಿಲ್ಲ, ಅಷ್ಟೊತ್ತಿಗೆ ಚಾಕೊಲೇಟ್ ಪ್ಯಾಕೆಟ್ ಕಪಾಟಿನಲ್ಲಿ ಇರುತ್ತದೆ. ಜುಲೈ ಕೊನೆಯ ವಾರದೊಳಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಮುಖ್ಯಗುರುಗಳು, ಅಂಗನವಾಡಿ ಮೇಲ್ವಿಚಾರಕಿಯರು ಮೂವರಿಗೂ ಒಂದೇ ಪತ್ರ ಹೋಗಲಿ. ಧ್ವಜ ಏರಿಸಲು ಬರುವ ಗಣ್ಯರಿಗೂ ಅದರ ಒಂದು ಪ್ರತಿ ಇರಲಿ.

ಇಂತಿ ತಮ್ಮ ವಿಶ್ವಾಸಿ,
ಎಸ್‌ಡಿಎಂಸಿ ಸದಸ್ಯೆ, ಆಳಂದ ತಾಲ್ಲೂಕು