ಗುಹೆಯೊಳಗಿನ ಪ್ರೆಷರ್ ಕುಕ್ಕರ್

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಹಿಮಾಲಯದ ಬೌದ್ಧ ಏಕಾಂತವಾಸಿಗಳ ಕುರಿತ ಲೇಖನ ಓದಿದೆ. ಬೆಟ್ಟ ಹತ್ತಿ ಕೂತವರೆಲ್ಲ ‘ಹೊಣೆ ಕಳಚಿಕೊಂಡವರು’ ಎಂದು ಲೇಖಕರು ಒಂದೇ ಮಾತಿನಲ್ಲಿ ತೀರ್ಮಾನಿಸಿಬಿಟ್ಟಿದ್ದಾರೆ. ಅಲ್ಲಿ ಧ್ಯಾನಕ್ಕೆ ಕೂರುವ ಮೊದಲು ಮುಗಿಸಬೇಕಾದ ಮನೆಗೆಲಸ ಎಷ್ಟಿರುತ್ತದೆ ಎಂದು ಅವರು ಯೋಚಿಸಿದಂತಿಲ್ಲ.

ಲಂಡನ್ನಿನಿಂದ 1964ರಲ್ಲಿ ಭಾರತಕ್ಕೆ ಬಂದು ಸಂನ್ಯಾಸ ಪಡೆದ ಬೌದ್ಧ ಭಿಕ್ಷುಣಿ ತೆಂಜಿನ್ ಪಾಲ್ಮೊ ಅವರನ್ನೇ ನೋಡಿ. 1976ರಿಂದ 1988ರವರೆಗೆ ಹಿಮಾಚಲ ಪ್ರದೇಶದ ಲಾಹೌಲಿನಲ್ಲಿ, 13 ಸಾವಿರ ಅಡಿಗೂ ಮೇಲೆ, ಗುಹೆಯಲ್ಲಿದ್ದರು. ಗುಹೆ ಎಂದರೆ ಕ್ಯಾಲೆಂಡರಿನ ಋಷಿಯ ಗುಹೆಯಲ್ಲ. ಚಾಚಿದ ಬಂಡೆಯಡಿ ಗೋಡೆ ಕಟ್ಟಿಕೊಂಡ, ಹತ್ತಡಿ ಅಗಲ ಆರಡಿ ಆಳದ ಗೂಡು. ಹಾಸಿಗೆ ಇಲ್ಲ, ಧ್ಯಾನಕ್ಕೆ ಕೂರುವ ಮರದ ಪೆಟ್ಟಿಗೆಯಲ್ಲೇ ಕೂತು ನಿದ್ದೆ. ಮಧ್ಯಾಹ್ನ ಒಂದೇ ಊಟ: ಅಕ್ಕಿ, ಬೇಳೆ, ತರಕಾರಿ ಎಲ್ಲ ಒಟ್ಟಿಗೇ ಪ್ರೆಷರ್ ಕುಕ್ಕರಿಗೆ. (ಮಸಾಲೆ ಹಾಕಿದರೆ ನಮ್ಮ ಬಿಸಿಬೇಳೆ ಭಾತ್!) ಆಲೂಗಡ್ಡೆ, ಟರ್ನಿಪ್ ತಾವೇ ಬೆಳೆಯುತ್ತಿದ್ದರು. ಬೇಸಿಗೆಯಲ್ಲಿ ಚಿಲುಮೆಯಿಂದ ನೀರು ಹೊರಬೇಕು, ಚಳಿಗಾಲದಲ್ಲಿ ಹಿಮ ಕರಗಿಸಬೇಕು. ಒಮ್ಮೆ ಹಿಮದಡಿ ಗುಹೆಯೇ ಹೂತುಹೋದಾಗ ಪಾತ್ರೆಯ ಮುಚ್ಚಳದಿಂದ ಬಗೆದುಕೊಂಡು ಹೊರಬಂದರು. ಬಗೆದದ್ದನ್ನು ಹಾಕಲು ಬೇರೆಲ್ಲಿದೆ ಜಾಗ? ಗುಹೆಯೊಳಕ್ಕೇ ಎಳೆದುಕೊಳ್ಳಬೇಕು.

ಕೊನೆಯ ಮೂರು ವರ್ಷ ಯಾರನ್ನೂ ನೋಡದ ಕಟ್ಟುನಿಟ್ಟಿನ ವ್ರತ. ಆಗಲೂ ದಿನಸಿ ಕೆಳಗಿನ ಊರಿನಿಂದಲೇ ಬರಬೇಕಿತ್ತು, ಯಾರೋ ಅಷ್ಟೆತ್ತರ ಹತ್ತಿಸಬೇಕಿತ್ತು. ಲೇಖನದಲ್ಲಿ ಆ ಊರಿನವರ ಸುದ್ದಿಯೇ ಇಲ್ಲ!

ಸುಮಾರು ಸಾವಿರ ವರ್ಷದ ಹಿಂದಿನ ಟಿಬೆಟಿನ ಯೋಗಿ ಮಿಲರೇಪನ ಕಥೆಯೂ ಅಡುಗೆಯದ್ದೇ. ತುರಚೆ ಸೊಪ್ಪು ಬೇಯಿಸಿ ತಿಂದು ತಿಂದು ಅವನ ಮೈ ಹಸಿರಾಯಿತೆಂದು ಟಿಬೆಟಿನವರು ಹೇಳುತ್ತಾರೆ. ಪಟಗಳಲ್ಲೂ ಎಷ್ಟೋ ಕಡೆ ಹಾಗೇ ಬರೆಯುತ್ತಾರೆ. ಇದ್ದೊಂದು ಮಡಕೆ ಒಡೆದಾಗ, ಒಳಗೆ ಹತ್ತಿ ಗಟ್ಟಿಯಾಗಿದ್ದ ಸೊಪ್ಪಿನ ಕರೆ ಇನ್ನೊಂದು ಹಸಿರು ಮಡಕೆಯಂತೆ ಉಳಿಯಿತಂತೆ. ಕಾಫಿ ತೋಟದ ಬೇಲಿ ಬದಿಯಲ್ಲಿ ತುರಚೆ ಸೋಕಿಸಿಕೊಂಡು ಬೆಳೆದ ನನ್ನಂಥವನಿಗೆ ಮಾತ್ರ, ಮೊದಲು ಆ ಸೊಪ್ಪು ಕೊಯ್ದವನ ಕೈ ಕಣ್ಣಿಗೆ ಕಟ್ಟುತ್ತದೆ.

ಅಂದಹಾಗೆ, ಪಾಲ್ಮೊ ಅವರ ವ್ರತ ಮುರಿದದ್ದು ಪೊಲೀಸರು: ವೀಸಾ ಅವಧಿ ಮುಗಿದಿದೆ ಎಂದು ಅಲ್ಲಿಗೂ ಹತ್ತಿ ಹೋಗಿದ್ದರು. ಆಮೇಲೆ ಅವರು ಕಾಂಗ್ರಾ ಕಣಿವೆಯಲ್ಲಿ ಭಿಕ್ಷುಣಿಯರಿಗಾಗಿ ಮಠ ಕಟ್ಟಿಸಿದರು. ‘ಹೊಣೆ ಕಳಚಿಕೊಂಡವರು’ ಎಂದ ಲೇಖಕರಿಗೆ ಸಾಧ್ಯವಾದರೆ ಈ ಪತ್ರ ತಲುಪಿಸಿ. ಮುಂದಿನ ಕಂತಿನಲ್ಲಿ ದಿನಸಿ ಹೊತ್ತವರ ಬಗ್ಗೆಯೂ ನಾಲ್ಕು ಸಾಲು ಬರೆಯಲಿ.

ಇಂತಿ,
ನಿವೃತ್ತ ಶಿಕ್ಷಕ, ಕೊಪ್ಪ