ಚೀಟಿ ಹಾಕಿದವರಿಗೆ, ಹಿಂದಿನ ಸಾಲಿನಲ್ಲಿ ಕುಳಿತವರಿಗೆ

ಹದಿಹರೆಯದವರೊಡನೆ ವಾರಕ್ಕೊಮ್ಮೆ ಕುಳಿತು ಸಂತಾನೋತ್ಪತ್ತಿ ಆರೋಗ್ಯದ ಬಗ್ಗೆ ಮಾತನಾಡುವ ನಮ್ಮ ಬಳಗಕ್ಕೆ ಈ ತಿಂಗಳು ಮೂರು ವರ್ಷ ತುಂಬಿತು. ಮೊದಲ ವರ್ಷವೇ ನಿಂತುಹೋಗಬಹುದಾಗಿದ್ದ ಕೆಲಸವಿದು. ಹಾಗಾಗದಂತೆ ನೋಡಿಕೊಂಡವರಿಗೆ ನಮಸ್ಕಾರ ಹೇಳಲು ಈ ಬರಹ.

ಮೊದಲ ನಮಸ್ಕಾರ ಹೆಸರು ಬರೆಯದೆ ಚೀಟಿ ಹಾಕಿದ ಮಕ್ಕಳಿಗೆ. ಆರಂಭದಲ್ಲಿ ನಾವು ಗರ್ಭಕೋಶದ ಚಿತ್ರ ತೂಗುಹಾಕಿ ಪಾಠ ಒಪ್ಪಿಸುತ್ತಿದ್ದೆವು, ಅವರು ತಲೆ ತಗ್ಗಿಸಿ ಕುಳಿತಿರುತ್ತಿದ್ದರು. ಬಾಗಿಲ ಬಳಿ ಬೀಗ ಹಾಕಿದ ತಗಡಿನ ಡಬ್ಬಿಯೊಂದನ್ನು ಇಟ್ಟ ಮೇಲೆ ಪಾಠದ ದಿಕ್ಕೇ ಬದಲಾಯಿತು. ಪೆನ್ಸಿಲಿನಲ್ಲಿ ಬರೆದು, ಅಳಿಸಿ, ಅದರ ಮೇಲೆಯೇ ಮತ್ತೆ ಬರೆದಿದ್ದ ಒಂದು ಚೀಟಿ ನೆನಪಿದೆ: “ನಿದ್ದೆಯಲ್ಲಿ ಬಟ್ಟೆ ಒದ್ದೆಯಾಗುತ್ತದೆ, ಇದು ಕಾಯಿಲೆಯೇ?” ಕಾಯಿಲೆಯಲ್ಲ, ಹುಡುಗರು ಬೆಳೆಯುವಾಗ ಸಹಜ, ಇದರಿಂದ ಶಕ್ತಿ ಕುಂದುವುದಿಲ್ಲ ಎಂದು ಉತ್ತರಿಸಿದಾಗ ಯಾರೂ ನಗಲಿಲ್ಲ. ಕೇಳಿದವನು ಯಾರೆಂದು ಇಂದಿಗೂ ಗೊತ್ತಿಲ್ಲ, ಗೊತ್ತಾಗುವ ಅಗತ್ಯವೂ ಇಲ್ಲ. ಮುಟ್ಟು ತಿಂಗಳಿಗೆ ಸರಿಯಾಗಿ ಬರುತ್ತಿಲ್ಲವೆಂದು ಹೆದರಿದ್ದ ಹುಡುಗಿಗೆ, ಮೊದಲ ಕೆಲವು ವರ್ಷ 21ರಿಂದ 45 ದಿನಗಳ ಅಂತರ ಸಾಮಾನ್ಯವೆಂದೂ ಮೂರು ತಿಂಗಳು ಬಾರದಿದ್ದರೆ ಅಥವಾ ಸ್ರಾವ ಏಳು ದಿನ ಮೀರಿದರೆ ವೈದ್ಯರನ್ನು ಕಾಣಬೇಕೆಂದೂ ಹೇಳಲು ಸಾಧ್ಯವಾದದ್ದು ಅವಳು ಕೇಳಿದ್ದರಿಂದಲೇ.

ಉತ್ತರಗಳನ್ನು ತಿದ್ದಿಕೊಟ್ಟ ಶುಶ್ರೂಷಕಿಯವರ ಋಣ ನನ್ನ ಮೇಲೆ ವಿಶೇಷವಾಗಿದೆ. ತುರ್ತು ಗರ್ಭನಿರೋಧಕ ಮಾತ್ರೆ ಗರ್ಭಪಾತ ಮಾಡಿಸುತ್ತದೆ ಎಂದು ನಾನೇ ಒಮ್ಮೆ ತಪ್ಪು ಹೇಳಿಬಿಟ್ಟಿದ್ದೆ. ಅದು ಅಂಡಾಣು ಬಿಡುಗಡೆಯಾಗುವುದನ್ನು ತಡೆಯುತ್ತದೆ ಅಥವಾ ಮುಂದೂಡುತ್ತದೆ, ಆಗಲೇ ನಿಂತ ಗರ್ಭವನ್ನು ತೆಗೆಯುವುದಿಲ್ಲ, ಬೇಗ ತೆಗೆದುಕೊಂಡಷ್ಟೂ ಪರಿಣಾಮ ಹೆಚ್ಚು ಎಂದು ಅವರು ಬಿಡಿಸಿ ಹೇಳಿದರು. ಮರುವಾರ ಮಕ್ಕಳೆದುರು ನಿಂತು ತಪ್ಪೊಪ್ಪಿಕೊಂಡೆ. ಡಬ್ಬಿಯಲ್ಲಿ ಅತಿ ಹೆಚ್ಚು ಚೀಟಿ ಬಿದ್ದದ್ದು ಆ ದಿನ.

“ಇದನ್ನೆಲ್ಲ ಕಲಿಸಿದರೆ ಮಕ್ಕಳು ಹಾದಿ ತಪ್ಪುತ್ತಾರೆ” ಎಂಬ ದೂರು ಬಂದು ನಮಗೆ ಕೊಟ್ಟಿದ್ದ ಕೋಣೆ ಕೈತಪ್ಪಿತ್ತು. ಇಂಥ ಶಿಕ್ಷಣದಿಂದ ಲೈಂಗಿಕ ಚಟುವಟಿಕೆ ಬೇಗ ಶುರುವಾಗುವುದಿಲ್ಲವೆಂದು ಯುನೆಸ್ಕೊದ 2018ರ ಪರಿಷ್ಕೃತ ಮಾರ್ಗಸೂಚಿ ಹೇಳುತ್ತದೆ, ಆದರೆ ದೂರಿದವರ ಮುಂದೆ ಅದನ್ನು ಓದಿ ಹೇಳಿದ್ದು ಏನೂ ಪ್ರಯೋಜನಕ್ಕೆ ಬರಲಿಲ್ಲ. ಮಗಳನ್ನು ಕಳುಹಿಸಲು ಒಪ್ಪದೆ, ತಾವೇ ಬಂದು ಮೂರು ವಾರ ಹಿಂದಿನ ಸಾಲಿನಲ್ಲಿ ಕುಳಿತ ತಾಯಿಯೊಬ್ಬರು ನಾಲ್ಕನೆಯ ವಾರ ಮಗಳೊಂದಿಗೆ ನೆರೆಮನೆಯ ಇಬ್ಬರು ಹುಡುಗರನ್ನೂ ಕರೆತಂದರು. ಕೋಣೆ ಮರಳಿ ಸಿಕ್ಕಿದ್ದು ಅವರ ಮಾತಿನಿಂದ.

ಮೊದಲ ತಂಡದಲ್ಲಿ ಕಲಿತವರೇ ಮುಂದಿನ ವಾರದಿಂದ ಪಾಠ ನಡೆಸಲಿದ್ದಾರೆ, ಡಬ್ಬಿಯ ಕೀಲಿಯೂ ಅವರದೇ. ಹಿಂದಿನ ಸಾಲಿನಲ್ಲಿ ಕುಳಿತು ಕೇಳಲು ನಮಗೂ ಅನುಮತಿ ಕೊಟ್ಟಿದ್ದಾರೆ.