ಮಸ್ಕಿ ಮೀನಿನ ಸರೋವರ: ಹೆಸರು ಅಚ್ಚು ಹಾಕುವುದಿಲ್ಲ, ಹುಡುಕುವ ಬಗೆ ಹೇಳುತ್ತೇವೆ

ನಮ್ಮ ಪತ್ರಿಕೆಯ ಕಳೆದ ಸಂಚಿಕೆಯಲ್ಲಿ ಮಸ್ಕಿ ಅನ್ನುವ ದೊಡ್ಡ ಮೀನಿನ ಫೋಟೋ ಹಾಕಿದ ಮೇಲೆ ನಮಗೆ ಬಂದ ಪತ್ರಗಳಲ್ಲೆಲ್ಲ ಒಂದೇ ಪ್ರಶ್ನೆ: ‘ಅದು ಯಾವ ಲೇಕ್?’ ಕೇಳಿದವರಲ್ಲಿ ಮಂಗಳೂರು, ಕಾರವಾರದ ಕಡೆಯವರಿದ್ದಾರೆ. ಮನೆಯಲ್ಲಿ ಮೀನು ಮುಟ್ಟದವರೂ ಇದ್ದಾರೆ. ಓದಿ ತುಂಬ ಖುಷಿಯಾಯಿತು. ಆದರೆ ಆ ಹೆಸರನ್ನು ನಾವು ಅಚ್ಚು ಹಾಕುವುದಿಲ್ಲ. ಯಾಕೆ ಅನ್ನುವುದನ್ನು ಈ ಸಲ ಬಿಡಿಸಿ ಬರೆಯಬೇಕು ಅನ್ನಿಸಿತು. ಅಂಥ ಸರೋವರವನ್ನು ನೀವೇ ಹುಡುಕಿಕೊಳ್ಳುವುದು ಹೇಗೆ ಅಂತಲೂ.

ಹೊಸದಾಗಿ ಕೆನಡಾದ ವಿನಿಪೆಗ್‌ಗೆ ಬಂದವರಿಗಾಗಿ ಮೊದಲು ಮೀನಿನ ವಿಷಯ. ಬೇರೆ ಮೀನು ಹಿಡಿದು ತಿನ್ನುವ, ಉದ್ದ ಮೈಯ ಪೈಕ್ ಕುಟುಂಬದ ಮೀನುಗಳಲ್ಲೇ ಅತಿ ದೊಡ್ಡದು ಮಸ್ಕಿ. ಉತ್ತರ ಅಮೆರಿಕ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಸಹಜವಾಗಿ ಇಲ್ಲ. 1988ರ ಅಕ್ಟೋಬರ್‌ನಲ್ಲಿ ಕೆನ್ ಓಬ್ರಯನ್ ಅನ್ನುವವರು ಒಂಟಾರಿಯೊದ ಜಾರ್ಜಿಯನ್ ಬೇಯ ಮೂನ್ ರಿವರ್ ಬಳಿ ಹಿಡಿದದ್ದು 65 ಪೌಂಡ್ ತೂಗಿತು. ಕೆನೋರಾದಲ್ಲಿ ನಾವೆಲ್ಲ ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆಯುವ 40 ಅಡಿಯ ‘ಹಸ್ಕಿ’ ಪ್ರತಿಮೆ ಇದೇ ಮೀನಿನದು. 1967ರಲ್ಲಿ, ಕೆನಡಾಕ್ಕೆ ನೂರು ತುಂಬಿದ ವರ್ಷ ಕಟ್ಟಿದ್ದು. ಹತ್ತು ಸಾವಿರ ಸಲ ಗಾಳ ಬೀಸಿದರೆ ಒಂದು ಸಿಗುತ್ತದೆ ಅಂತ ಇಲ್ಲಿಯವರು ಹೇಳುತ್ತಾರೆ. ಅಷ್ಟಾದರೂ ಒಮ್ಮೆ ಇದರ ಬೆನ್ನು ಹತ್ತಿದವರು ಬಿಡುವುದಿಲ್ಲ.

ಜನ ಹೋಗದ ಸರೋವರ ಬೇಕು ಅಂದ ಕೂಡಲೇ ಎಲ್ಲರ ಕಣ್ಣೂ ನಕ್ಷೆಯಲ್ಲಿ ಮೇಲೆ ಮೇಲೆ ಹೋಗುತ್ತದೆ. ಇನ್ನೂ ಉತ್ತರಕ್ಕೆ ಹೋದಷ್ಟೂ ಇನ್ನೂ ದೊಡ್ಡ ಮೀನು ಅನ್ನುವ ಲೆಕ್ಕ. ಮಸ್ಕಿ ವಿಷಯದಲ್ಲಿ ಇದು ನಡೆಯುವುದಿಲ್ಲ. ಇದು ಸಹಜವಾಗಿ ಇರುವ ಜಾಗಕ್ಕೆ ಉತ್ತರದಲ್ಲಿ ಒಂದು ಗಡಿ ಇದೆ. ನಮ್ಮ ಪೂರ್ವಕ್ಕೆ, ಒಂಟಾರಿಯೊದ ವಾಯವ್ಯ ಮೂಲೆಯಲ್ಲಿ, ಲೇಕ್ ಆಫ್ ದ ವುಡ್ಸ್‌ಗೆ ಮತ್ತು ಇಂಗ್ಲಿಷ್ ರಿವರ್‌ಗೆ ನೀರು ಹರಿಸುವ ಪ್ರದೇಶ ಇದರ ಮನೆ. ಅದನ್ನು ದಾಟಿ ಮೇಲೆ ಹೋದರೆ ಪೈಕ್ ಬೇಕಾದಷ್ಟು ಸಿಗುತ್ತದೆ, ಮಸ್ಕಿ ಇಲ್ಲ. ವಿಮಾನಕ್ಕೆ ದುಡ್ಡು ಸುರಿದು ಮಸ್ಕಿ ಇಲ್ಲದ ನೀರಿನಲ್ಲಿ ಇಳಿದವರಿದ್ದಾರೆ. ಹಾಗಾಗಿ ಮೊದಲು ಕೇಳಬೇಕಾದ್ದು ಎಷ್ಟು ದೂರ ಅಂತ ಅಲ್ಲ, ನೀರು ಯಾವ ಕಡೆ ಹರಿಯುತ್ತದೆ ಅಂತ.

ದೊಡ್ಡ ಸರೋವರಗಳ ಹೆಸರು ಹೇಳುವುದಕ್ಕೆ ನಮಗೆ ಯಾವ ಹಿಂಜರಿಕೆಯೂ ಇಲ್ಲ. ಲೇಕ್ ಆಫ್ ದ ವುಡ್ಸ್, ವರ್ಮಿಲಿಯನ್ ಬೇ ಹತ್ತಿರದ ಈಗಲ್ ಲೇಕ್, ಡ್ರೈಡನ್ ಪಕ್ಕದ ವಾಬಿಗೂನ್, ಸೂ ಲುಕ್‌ಔಟ್ ಕಡೆಯ ಲ್ಯಾಕ್ ಸೂಲ್. ಎಲ್ಲರಿಗೂ ಗೊತ್ತಿರುವವೇ. ವಿನಿಪೆಗ್‌ನಿಂದ ಕೆನೋರಾ 200 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ ಅಷ್ಟೆ, ಬೆಳಗ್ಗೆ ತಿಂಡಿ ಮುಗಿಸಿ ಹೊರಟರೆ ಊಟದ ಹೊತ್ತಿಗೆ ಮೊದಲೇ ನೀರಿನ ಮೇಲಿರಬಹುದು. ಹೊಸಬರು ಇಲ್ಲೇ ಶುರು ಮಾಡಿ. ಒಂದೆರಡು ಬೇಸಿಗೆ ಇಲ್ಲಿ ಕಲಿತ ಮೇಲೆ ದೂರದ ಸಣ್ಣ ಸರೋವರ ಹುಡುಕಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಆಮೇಲೆ ಮನೆಯಲ್ಲೇ ಕೂತು ಮಾಡುವ ಕೆಲಸ ಇದೆ. ಚಳಿಗಾಲಕ್ಕೆ ಹೇಳಿಮಾಡಿಸಿದ ಕೆಲಸ. ಒಂಟಾರಿಯೊ ಸರ್ಕಾರದ ‘ಫಿಶ್ ಆನ್‌ಲೈನ್’ ನಕ್ಷೆ ಉಚಿತ. ಯಾವುದೇ ಸರೋವರದ ಮೇಲೆ ಒತ್ತಿದರೆ ಅಲ್ಲಿ ಯಾವ ಯಾವ ಮೀನು ಕಂಡುಬಂದಿದೆ, ನಿಯಮ ಏನು ಅಂತ ತೋರಿಸುತ್ತದೆ. ಮಸ್ಕಿ ಇದೆ ಅಂತ ಖಾತ್ರಿ ಇರುವ ಒಂದು ದೊಡ್ಡ ಸರೋವರ ತೆಗೆದುಕೊಳ್ಳಿ. ಅದಕ್ಕೆ ಬಂದು ಸೇರುವ ಹೊಳೆಗಳನ್ನು ಹಿಡಿದು ಮೇಲಕ್ಕೆ ಹೋಗಿ. ಹೊಳೆಯ ನಡುವೆ ಸಿಗುವ ಒಂದೊಂದೂ ಸರೋವರವನ್ನು ಬಿಡದೆ ನೋಡಿ. ನಡುವೆ ಎತ್ತರದ ಜಲಪಾತ ಇದ್ದರೆ ಅಲ್ಲಿಗೆ ನಿಲ್ಲಿಸಬಹುದು, ಕೆಳಗಿನ ಮೀನು ಅದನ್ನು ಹತ್ತಿ ಹೋಗಿರುವುದು ಕಷ್ಟ. ಕಲ್ಲುಗಳ ನಡುವೆ ನೀರು ರಭಸವಾಗಿ ಹರಿಯುವ ಸಣ್ಣ ರ‍್ಯಾಪಿಡ್ಸ್ ಆದರೆ ಮುಂದುವರಿಯಿರಿ. ಪಟ್ಟಿಯಲ್ಲಿ ಮಸ್ಕಿ ಹೆಸರಿಲ್ಲ ಅಂದ ಮಾತ್ರಕ್ಕೆ ಮೀನಿಲ್ಲ ಅಂತ ಅರ್ಥ ಅಲ್ಲ, ಸಮೀಕ್ಷೆ ಸರಿಯಾಗಿ ಆಗದ ಸರೋವರಗಳು ಎಷ್ಟೋ ಇವೆ. ಅದೇ ಪಟ್ಟಿಯಲ್ಲಿ ಸಿಸ್ಕೋ ಇದೆಯಾ ನೋಡಿ. ಬೆಳ್ಳಿ ಬಣ್ಣದ, ಕೊಬ್ಬು ತುಂಬಿದ ಈ ಮೀನು ಮಸ್ಕಿಗೆ ಮೃಷ್ಟಾನ್ನ. ಸಿಸ್ಕೋ ಇರುವ ಆಳದ, ತಣ್ಣಗಿನ ನೀರಿನಲ್ಲಿ ಮಸ್ಕಿ ದಪ್ಪ ಆಗುತ್ತದೆ. ಬರೀ ಪರ್ಚ್, ಸಕರ್‌ನಂಥ ಮೀನು ತಿಂದು ಬದುಕುವ ಕಡೆ ಮಸ್ಕಿ ಇರಬಹುದು, ಆ ಗಾತ್ರ ಬರುವುದಿಲ್ಲ. ಉಪಗ್ರಹ ಚಿತ್ರದಲ್ಲಿ ಕಲ್ಲು ದಂಡೆಗಳ ನಡುವೆ ಹಸಿರು ಜೊಂಡಿನ ಒಂದು ಕೊಲ್ಲಿ, ಅದರ ಬಾಯಲ್ಲೇ ಆಳದ ನೀರು ಕಂಡರೆ ಗುರುತು ಹಾಕಿಕೊಳ್ಳಿ.

ತಲುಪುವುದು ಹೇಗೆ ಅನ್ನುವುದರಲ್ಲೇ ಅರ್ಧ ಉತ್ತರ ಇದೆ. ದೋಣಿ ಇಳಿಸುವ ಕಾಂಕ್ರೀಟ್ ಇಳಿಜಾರು ಇದ್ದರೆ ಜನ ಇದ್ದೇ ಇರುತ್ತಾರೆ. ಮರ ಸಾಗಿಸುವ ಹಳೆಯ ಮಣ್ಣು ರಸ್ತೆ ಮುಗಿದು, ಅಲ್ಲಿಂದ ಕನೂ ಅನ್ನುವ ಹಗುರ ದೋಣಿ ಹೊತ್ತು ಕಾಡಿನ ಕಾಲುದಾರಿಯಲ್ಲಿ ನಡೆಯಬೇಕು ಅಂದರೆ ಹತ್ತರಲ್ಲಿ ಒಂಬತ್ತು ಜನ ಅಲ್ಲಿಂದಲೇ ವಾಪಸ್. ಆ ನಡಿಗೆಯೇ ಸರೋವರವನ್ನು ಕಾಯುತ್ತಿದೆ. ಅದಕ್ಕಿಂತ ಒಳಗಿನವಕ್ಕೆ ನೀರಿನ ಮೇಲೆ ಇಳಿಯುವ ಬೀವರ್, ಆಟರ್ ವಿಮಾನಗಳಿವೆ. ದುಬಾರಿ ನಿಜ. ಫೋನ್ ಸಿಗ್ನಲ್ ಇರುವುದಿಲ್ಲ, ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಇಲ್ಲದೆ ದಯವಿಟ್ಟು ಹೋಗಬೇಡಿ. ಲೈಫ್ ಜಾಕೆಟ್ ದೋಣಿಯ ಮೂಲೆಯಲ್ಲಿ ಅಲ್ಲ, ಮೈಮೇಲೆ ಇರಲಿ. ನಮ್ಮಲ್ಲಿ ಈಜು ಬರದವರು ಜಾಸ್ತಿ, ಇಲ್ಲಿನ ನೀರು ಜೂನ್‌ನಲ್ಲೂ ಕೊರೆಯುತ್ತದೆ.

ಇನ್ನು ಹೆಸರು ಅಚ್ಚು ಹಾಕದಿರುವ ಕಾರಣ. ಮಸ್ಕಿ ಎಲ್ಲೂ ದಟ್ಟವಾಗಿ ಇರುವ ಮೀನಲ್ಲ. ಒಳ್ಳೆಯ ಸರೋವರದಲ್ಲೂ ಎಕರೆಗೆ ಒಂದು ದೊಡ್ಡ ಮೀನು ಕೂಡ ಇರುವುದಿಲ್ಲ. ಉತ್ತರದ ತಣ್ಣೀರಿನಲ್ಲಿ ಬೆಳವಣಿಗೆ ನಿಧಾನ, 50 ಇಂಚು ದಾಟಿದ ಹೆಣ್ಣು ಮೀನಿಗೆ ನಿಮ್ಮ ಕಾಲೇಜು ಓದುವ ಮಗನ ವಯಸ್ಸು ಆಗಿರಬಹುದು. ಕೆಲವು ನೂರು ಎಕರೆಯ ಒಂದು ಸರೋವರದಲ್ಲಿ ಅಂಥವು ಎಷ್ಟಿರಬಹುದು ನೀವೇ ಯೋಚಿಸಿ. ಒಂದು ಬೇಸಿಗೆಯಲ್ಲಿ ಹತ್ತು ದೋಣಿ ಹೆಚ್ಚಿಗೆ ಹೋದರೆ ಸಾಕು, ಅದೇ ಮೀನು ಮತ್ತೆ ಮತ್ತೆ ಗಾಳಕ್ಕೆ ಸಿಕ್ಕಿ ಸುಸ್ತಾಗಿ ಸಾಯಬಹುದು. ಕಾನೂನು ಇದೆ. ಲೇಕ್ ಆಫ್ ದ ವುಡ್ಸ್‌ನಲ್ಲಿ 137 ಸೆಂ.ಮೀ.ಗಿಂತ ಚಿಕ್ಕದನ್ನು ಇಟ್ಟುಕೊಳ್ಳುವಂತಿಲ್ಲ, ಲ್ಯಾಕ್ ಸೂಲ್‌ನಲ್ಲಿ ಎಷ್ಟು ದೊಡ್ಡದಾದರೂ ಬಿಡಲೇಬೇಕು. ಆದರೆ ಎಷ್ಟು ಜನ ಬರಬಹುದು ಅನ್ನುವುದಕ್ಕೆ ಕಾನೂನು ಇಲ್ಲ. ಅದು ನಮ್ಮ ಬಾಯಿಯ ಮೇಲೇ ನಿಂತಿದೆ.

ನಮಗೆ ಇದು ಹೊಸ ಪಾಠ ಅಲ್ವಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್ ಇತ್ತು. ಅದೇ ಕಾವೇರಿ ಸೀಮೆಯ ಗೂನುಬೆನ್ನಿನ ಮಹಶೀರ್ 2018ರಲ್ಲಿ ಅಳಿವಿನ ಅಂಚಿನ ಪಟ್ಟಿಗೆ ಸೇರಿತು. ಅಣೆಕಟ್ಟು, ಮರಳು ತೆಗೆಯುವುದು, ಡೈನಮೈಟ್, ಹೊರಗಿನಿಂದ ತಂದು ಬಿಟ್ಟ ಬೇರೆ ಮಹಶೀರ್, ಕಾರಣ ಹಲವು. ಆದರೆ ಶೃಂಗೇರಿಯ ತುಂಗೆಯಲ್ಲಿ, ಮೆಟ್ಟಿಲ ಹತ್ತಿರ ಪುರಿಗೆ ಬಾಯಿ ತೆರೆದು ಬರುವ ಮೀನುಗಳು ಇವತ್ತಿಗೂ ಇವೆ. ಅಲ್ಲಿ ಯಾರೂ ಗಾಳ ಹಾಕುವುದಿಲ್ಲ, ಅಷ್ಟೇ ವಿಷಯ.

ಹಿಡಿದು ಬಿಡುವುದಾದರೆ ಹಿಡಿಯುವುದೇ ಯಾಕೆ ಅಂತ ಒಬ್ಬ ಹಿರಿಯ ಸದಸ್ಯರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ನೋವಿಲ್ಲ ಅಂತ ನಾನು ವಾದಿಸುವುದಿಲ್ಲ. ಒಂದು ಹೊತ್ತು ದೋಣಿಯಲ್ಲಿ ಬಂದು ನಿಂತು ನೋಡಿ ಅಂತ ಕೇಳುತ್ತೇನೆ. ಗಾಳ ದೋಣಿಯ ಪಕ್ಕಕ್ಕೆ ಬಂದ ಮೇಲೂ ಎತ್ತುವುದಿಲ್ಲ. ಗಾಳದ ಕೋಲಿನ ತುದಿಯನ್ನು ನೀರಲ್ಲಿ ಆಳಕ್ಕೆ ಮುಳುಗಿಸಿ ಇಂಗ್ಲಿಷ್ ಎಂಟರ (8) ಆಕಾರದಲ್ಲಿ ದೊಡ್ಡದಾಗಿ ತಿರುಗಿಸುತ್ತೇವೆ. ಆಗ ಚಹಾ ಬಣ್ಣದ ನೀರಿನ ಕೆಳಗೆ, ಏನೂ ಇಲ್ಲದ ಕಡೆ, ಒಂದು ಉದ್ದನೆಯ ಬೆನ್ನು ಕಾಣುತ್ತದೆ. ಕಿವಿರು ನಿಧಾನಕ್ಕೆ ತೆರೆದು ಮುಚ್ಚುತ್ತಿರುತ್ತದೆ. ಕಣ್ಣು ಗಾಳದ ಮೇಲಲ್ಲ, ನಿಮ್ಮ ಮೇಲೆ ಇದ್ದಂತಿರುತ್ತದೆ. ಎಷ್ಟೋ ಸಲ ಅಷ್ಟೇ, ಒಂದು ಸುತ್ತು ಹಾಕಿ ಮುಳುಗಿಬಿಡುತ್ತದೆ. ಅದನ್ನು ಕಂಡವರು ಆ ನೀರಿಗೆ ಕಸ ಎಸೆಯುವುದಿಲ್ಲ, ಯಾರಾದರೂ ಕೆಡಿಸಲು ಬಂದರೆ ಸುಮ್ನೆ ಕೂರುವುದೂ ಇಲ್ಲ. ನನ್ನ ಉತ್ತರ ಅದು.

ಕಚ್ಚಿದರೆ ಮಾತ್ರ ತಯಾರಿ ಇರಲೇಬೇಕು. ರಬ್ಬರ್ ಲೇಪದ ದೊಡ್ಡ ಬಲೆ, ಉದ್ದನೆಯ ಇಕ್ಕಳ, ಕೊಕ್ಕೆ ಕತ್ತರಿಸುವ ಗಟ್ಟಿ ಕಟರ್. ಬಲೆಯೊಳಗೆ ನೀರಿನಲ್ಲೇ ಮೀನನ್ನು ಇಟ್ಟು, ಕೊಕ್ಕೆ ಸುಲಭಕ್ಕೆ ಬಿಡದಿದ್ದರೆ ಕೊಕ್ಕೆಯನ್ನೇ ಕತ್ತರಿಸಿ. ಎತ್ತಿದರೆ ಅಡ್ಡಲಾಗಿ, ಹೊಟ್ಟೆಗೆ ಕೈ ಕೊಟ್ಟು, ಕೆಲವೇ ಸೆಕೆಂಡು. ನೇತುಹಾಕಬೇಡಿ. ನೀರು 27 ಡಿಗ್ರಿ ಮುಟ್ಟಿದ ದಿನ ಮಸ್ಕಿ ಬಿಟ್ಟು ಬೇರೆ ಮೀನು ನೋಡಿ, ಬಿಸಿ ನೀರಿನಲ್ಲಿ ಹೋರಾಡಿದ ಮಸ್ಕಿ ಈಜಿಕೊಂಡು ಹೋದರೂ ಆಮೇಲೆ ಸಾಯಬಹುದು.

ಜನ ಹೋಗದ ಸರೋವರ ಅಂದೆ. ಆ ಮಾತನ್ನು ಸ್ವಲ್ಪ ತಿದ್ದಿಕೊಂಡು ಓದಿ. ಈ ನೀರೆಲ್ಲ ಇಲ್ಲಿನ ಮೂಲನಿವಾಸಿಗಳಾದ ಅನಿಶಿನಾಬೆ ಜನರ ನೆಲದಲ್ಲಿದೆ, ಅವರಿಗೂ ಸರ್ಕಾರಕ್ಕೂ ನಡುವೆ 1873ರಲ್ಲಿ ಲೇಕ್ ಆಫ್ ದ ವುಡ್ಸ್‌ನ ನಾರ್ತ್‌ವೆಸ್ಟ್ ಆಂಗಲ್‌ನಲ್ಲಿ ಸಹಿಯಾದ ‘ಟ್ರೀಟಿ 3’ ಒಪ್ಪಂದದ ಸೀಮೆ ಇದು. 1962ರಿಂದ 1970ರ ನಡುವೆ ಡ್ರೈಡನ್‌ನ ಕಾರ್ಖಾನೆಯೊಂದು ಸುಮಾರು 9 ಟನ್ ಪಾದರಸವನ್ನು ವಾಬಿಗೂನ್ ನದಿಗೆ ಬಿಟ್ಟಿತು. ನೀರು ಹರಿಯುವ ದಿಕ್ಕಿನಲ್ಲಿ ಕೆಳಗಿರುವ ಗ್ರಾಸಿ ನ್ಯಾರೋಸ್ ಅನ್ನುವ ಅನಿಶಿನಾಬೆ ಊರಿನಲ್ಲಿ ಮೀನು ತಿಂದವರ ನರಗಳೇ ಹೋದವು. ಮೀನುಗಾರರಿಗೆ ದಾರಿ ತೋರಿಸಿ ಬದುಕುತ್ತಿದ್ದವರ ಕೆಲಸವೂ ಹೋಯಿತು. ಇವತ್ತಿಗೂ ಆ ಮನೆಗಳಲ್ಲಿ ಅದರ ಬಾಧೆ ಇದೆ. ಆ ಕಡೆ ಹೋದರೆ ಸ್ಥಳೀಯ ಗೈಡ್‌ಗಳನ್ನೇ ಕರೆದುಕೊಳ್ಳಿ, ಅವರು ಬೇಡ ಅಂದ ಕಡೆ ಹೋಗಬೇಡಿ.

ನಿಯಮಗಳು ಬೇಗ ಹೇಳಿಬಿಡುತ್ತೇನೆ. ಈ ಭಾಗದಲ್ಲಿ ಮಸ್ಕಿ ಋತು ಜೂನ್ ಮೂರನೇ ಶನಿವಾರದಿಂದ ಡಿಸೆಂಬರ್ 15ರವರೆಗೆ. ನಮ್ಮ ಮ್ಯಾನಿಟೋಬಾ ಪ್ರಾಂತ್ಯದ ಮೀನು ಹಿಡಿಯುವ ಲೈಸೆನ್ಸ್ ಅಲ್ಲಿ ನಡೆಯುವುದಿಲ್ಲ, ಒಂಟಾರಿಯೊದ್ದೇ ಬೇಕು. ಕೆನಡಾದಲ್ಲೇ ವಾಸ ಇರುವವರು ಸರ್ಕಾರಿ ಕಾಡಿನಲ್ಲಿ ಒಂದು ಜಾಗದಲ್ಲಿ 21 ದಿನದವರೆಗೆ ಪುಕ್ಕಟೆ ಟೆಂಟ್ ಹಾಕಬಹುದು. ಊರಿಂದ ಬೇಸಿಗೆಗೆ ಬಂದ ಅಪ್ಪ ಅಮ್ಮ ಜೊತೆಗಿದ್ದರೆ ಅವರಿಗೆ ಟೆಂಟ್ ಪರವಾನಗಿ ಮೊದಲೇ ಮಾಡಿಸಿ. ಒಂದು ಸರೋವರದಿಂದ ಎತ್ತಿದ ದೋಣಿಯ ನೀರನ್ನು ಪೂರ್ತಿ ಬಸಿದು, ಒಣಗಿಸಿ, ಆಮೇಲೆ ಇನ್ನೊಂದಕ್ಕೆ ಇಳಿಸಿ.

ಫೋಟೋ ಕಳಿಸುವವರಿಗೆ: ಮೀನು ಅಡ್ಡಲಾಗಿ, ನೀರಿನ ಮೇಲೇ ಇರಲಿ. ಹಿಂದೆ ಗುರುತು ಸಿಗುವ ದ್ವೀಪ, ಬಂಡೆ, ಕ್ಯಾಬಿನ್ ಇದ್ದರೆ ನಾವೇ ಕತ್ತರಿಸುತ್ತೇವೆ. ದೊಡ್ಡ ಸರೋವರವಾದರೆ ಹೆಸರು ಹಾಕುತ್ತೇವೆ, ಸಣ್ಣದಾದರೆ ‘ಒಂಟಾರಿಯೊದ ವಾಯವ್ಯ ಭಾಗ’ ಅಂತ ಮಾತ್ರ. ಮುಂದಿನ ಸಂಚಿಕೆಗೆ ಚಿತ್ರಗಳನ್ನು ಸೆಪ್ಟೆಂಬರ್ ಮುಗಿಯುವುದರೊಳಗೆ ಕಳಿಸಿ.